ಅಂಟು ಅರಳುವ ಹದ

ಸಿಹಿ ತಿನಿಸಿನ ಎಳೆ ಹಿಡಿದು ಪೋಣಿಸಿದ ಬಿಸಿಬಿಸಿ ಪ್ರಣಯದ ಕತೆಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೋದ ವಾರ ಹೇಳಿದ್ದೆ. ಇಂಗ್ಲಿಷಿನಲ್ಲಿ ಈಗ ಅಂಥ ಕತೆಗಳ ಸುಗ್ಗಿ. ಊರಿಗೊಂದು ಬೇಕರಿ, ಅಲ್ಲಿಗೆ ಬಂದು ಹೋಗುವ ನಾಲ್ಕಾರು ಜೋಡಿ, ಕತೆಗೊಂದು ಕೇಕು ಇಲ್ಲವೆ ಚಾಕೊಲೇಟು. ನಮ್ಮ ಹುಡುಗ ಹುಡುಗಿಯರೂ ಮೊಬೈಲಿನಲ್ಲಿ ಇವನ್ನೇ ಓದುತ್ತಾರೆ, ಬರೆಯಲು ಕೂತರೆ ಇದೇ ಅಚ್ಚು ಕೈಗೆ ಬರುತ್ತದೆ.

ನನ್ನ ತಕರಾರು ಅವುಗಳ ಬಿಸಿಯ ಬಗ್ಗೆ ಅಲ್ಲ. ಶೃಂಗಾರವನ್ನು ಬಾಗಿಲಾಚೆ ನಿಲ್ಲಿಸಿ ಬರೆದ ಪ್ರೇಮಕತೆ ನನ್ನ ಲೆಕ್ಕದಲ್ಲಿ ಅರ್ಧ ಕತೆ. ಈ ಅಂಕಣದ ಹಳೆಯ ಓದುಗರಿಗೆ ಇದನ್ನು ಮತ್ತೆ ಬಿಡಿಸಿ ಹೇಳಬೇಕಿಲ್ಲ. ತಕರಾರು ಸಿಹಿಯ ಬಗ್ಗೆ. ಆ ಕತೆಗಳಲ್ಲಿ ತಿನಿಸಿಗೆ ಮಾಡಲು ಕೆಲಸವೇ ಇಲ್ಲ. ಕೇಕನ್ನು ಎತ್ತಿ ಆ ಜಾಗದಲ್ಲಿ ಹೂವಿನ ಅಂಗಡಿಯನ್ನೋ ಪುಸ್ತಕದ ಅಂಗಡಿಯನ್ನೋ ಇಟ್ಟರೂ ಅದೇ ಜೋಡಿ, ಅದೇ ಮುತ್ತು, ಅದೇ ಮುಗಿತಾಯ. ತಿನಿಸಿನ ಹೆಸರು ರಟ್ಟಿನ ಮೇಲೆ ಇರುತ್ತದೆ, ಕತೆಯ ಒಳಗೆ ಇಳಿಯುವುದಿಲ್ಲ.

ತಿನಿಸು ಕತೆಗೆ ಏನು ಕಲಿಸಬಲ್ಲದು ಎಂದು ತಿಳಿಯಲು ಗೋಕಾಕದಲ್ಲಿ ಕರದಂಟು ಮಾಡುವವರ ಒಲೆಯ ಮುಂದೆ ಒಂದು ತಾಸು ನಿಂತು ನೋಡಬೇಕು. ಮರದಿಂದ ಬಂದ ಅಂಟು ಮೊದಲಿಗೆ ಗಟ್ಟಿ ಹರಳು. ಬಿಸಿಲಿಗೆ ಹರವಿ ಪಸೆ ಆರಿಸುತ್ತಾರೆ. ದೊಡ್ಡ ತುಂಡುಗಳನ್ನು ಒಡೆದು ಎಲ್ಲವನ್ನೂ ಒಂದೇ ಗಾತ್ರಕ್ಕೆ ತರುತ್ತಾರೆ. ಆಮೇಲೆ ಕಾದ ತುಪ್ಪಕ್ಕೆ ಹಿಡಿಹಿಡಿಯಾಗಿ ಬಿಡಬೇಕು. ಉರಿ ಏರಿದರೆ ಹರಳು ಮೇಲುಮೇಲೆ ಅರಳಿ ಕೆಂಪಾಗಿಬಿಡುತ್ತದೆ, ನಟ್ಟನಡುವೆ ಹಸಿಯಾಗಿಯೇ ಉಳಿಯುತ್ತದೆ. ತಿಂದವರ ಹಲ್ಲಿಗೆ ಹಿಡಿಯುವುದು ಆ ಹಸಿ. ಉರಿ ಸಾಲದಿದ್ದರೆ ಅರಳುವುದೇ ಇಲ್ಲ, ತುಪ್ಪ ಕುಡಿದು ತಳದಲ್ಲಿ ಕೂರುತ್ತದೆ. ಹದ ಕೂಡಿದಾಗ ಚಿಟಚಿಟ ಎನ್ನುತ್ತ ಉಬ್ಬಿ, ಹಗುರಾಗಿ, ಮೇಲೆದ್ದು ತೇಲುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಪುಡಿ. ಮುಂದಿನದು ಎಲ್ಲರಿಗೂ ಗೊತ್ತಿರುವುದೇ: ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ, ಬೆಲ್ಲದ ಪಾಕ. ಅಮೀನಗಡದವರು ತಮ್ಮ ಕರದಂಟೇ ಮೇಲು ಅನ್ನುತ್ತಾರೆ. ಅವರದನ್ನೂ ಸಂತೋಷದಿಂದ ತಿನ್ನುತ್ತೇನೆ, ಆದರೆ ನನ್ನ ಓಟು ಗೋಕಾಕಕ್ಕೆ.

ಬಿಸಿ ಕತೆಯ ಹದವೂ ಈ ಅಂಟಿನ ಹದವೇ. ಅವಸರದ ಉರಿಯಲ್ಲಿ ಮೈ ಅರಳುತ್ತದೆ, ಮನುಷ್ಯರು ಹಸಿ ಉಳಿಯುತ್ತಾರೆ.

ಇನ್ನು, ಅಂಟು ಬಾಣಂತಿಯ ತಿನಿಸು ಎಂಬುದನ್ನು ಮರೆಯಬಾರದು. ನಮ್ಮ ಕಡೆ ಮಗಳು ಹೆರಿಗೆಗೆ ತವರಿಗೆ ಬಂದಳೆಂದರೆ ಅಂಟಿನುಂಡಿಯ ತಯಾರಿ ಶುರುವಾಗುತ್ತದೆ. ಈ ಒಂದು ಸಂಗತಿಯಲ್ಲೇ ಎಂಥ ಕತೆ ಇದೆ ನೋಡಿ. ಹೆಂಡತಿ ತವರಿನಲ್ಲಿ, ತಿಂಗಳುಗಟ್ಟಲೆ ಅಗಲಿಕೆ. ಗಂಡ ಐತವಾರ ಗೋಕಾಕದ ಅಂಗಡಿಯಿಂದ ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾನೆ. ಮನೆ ತುಂಬ ಅತ್ತೆ, ಅಜ್ಜಿ, ನೆರೆಮನೆಯ ಹೆಂಗಸರು. ಬಾಣಂತಿ ಕೋಣೆಯ ಬಾಗಿಲಿಗೆ ಪರದೆ. ಡಬ್ಬಿಯನ್ನು ಕೈಯಿಂದ ಕೈಗೆ ಕೊಡುವಷ್ಟೇ ಹೊತ್ತು ಅವರಿಬ್ಬರಿಗೆ ಸಿಗುವುದು. ಅವಳು ಒಂದು ತುಂಡು ಮುರಿದು, ಅರ್ಧ ಕಚ್ಚಿ, ಉಳಿದರ್ಧವನ್ನು ಅವನ ಅಂಗೈಯಲ್ಲಿಟ್ಟು "ಹೋಗ್ರಿ, ಅವ್ವ ಬಂದಳು" ಅಂದರೆ ಸಾಕು, ಇದಕ್ಕಿಂತ ಬಿಸಿ ಪುಟವನ್ನು ಯಾವ ಬೇಕರಿಯೂ ಕೊಡಲಾರದು. ಇಲ್ಲಿ ಕರದಂಟನ್ನು ತೆಗೆದು ಬೇರೆ ಏನನ್ನೂ ಇಡಲು ಬರುವುದಿಲ್ಲ. ಅವರಿಬ್ಬರು ಕೂಡಿದ್ದಕ್ಕೂ, ಈಗ ದೂರ ಇರುವುದಕ್ಕೂ, ಮತ್ತೆ ಕೂಡಲಿರುವುದಕ್ಕೂ ಆ ತುಂಡೇ ಸಾಕ್ಷಿ.

ಇಲ್ಲಿಂದ ಮುಂದೆ ಕೇಕಿನ ಕತೆಗಳನ್ನು ಒಂದೊಂದಾಗಿ ತೂಗಿ ನೋಡಬೇಕೆಂದಿದ್ದೆ. ಆದರೆ ಈ ಸೀಮೆಯ ಹೆಸರೆತ್ತಿದ ಮೇಲೆ ಶ್ರೀಕೃಷ್ಣ ಪಾರಿಜಾತದ ಆಟದ ಗೊಲ್ಲತಿಯನ್ನು ದಾಟಿ ಹೋಗಲು ನನಗಂತೂ ಆಗುವುದಿಲ್ಲ. ಕೇಕುಗಳು ಇನ್ನೊಂದು ವಾರ ಕಾಯಲಿ.

ಪಾರಿಜಾತದ ಮೂಲ ಪಠ್ಯ ರಾಯಚೂರು ಕಡೆಯ ಅಪರಾಳ ತಮ್ಮಣ್ಣನದು. ಅದನ್ನು ಆಟವಾಗಿ ತಿದ್ದಿ, ತೀಡಿ, ಹಳ್ಳಿಹಳ್ಳಿಯ ಅಟ್ಟಕ್ಕೆ ಹತ್ತಿಸಿದವನು ಕುಲಗೋಡ ತಮ್ಮಣ್ಣ. ಆ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಗೋಕಾಕ ಸೀಮೆಯದೇ ಆದ ಕೌಜಲಗಿಯ ನಿಂಗಮ್ಮ, ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆ ಆಟಕ್ಕೆ ಹೆಣ್ಣಿನ ಮೈ, ಹೆಣ್ಣಿನ ದನಿ ತಂದಳು. ಇಡೀ ರಾತ್ರಿಯ ಆಟ. ಹಾರ್ಮೋನಿಯಂ, ತಬಲಾ, ತಾಳ. ಪದ ಹಾಡಿ ಮುಗಿಸಿದೊಡನೆ ಮಾತಿಗೆ ಇಳಿಯುವ ಪಾತ್ರಗಳು. ಪದ ಪುಸ್ತಕದ್ದು, ಮಾತು ಬಹುಮಟ್ಟಿಗೆ ಆ ರಾತ್ರಿಯದು. ಮುಂದೆ ಕೂತ ಜನ ಯಾರು, ಹೊತ್ತು ಎಷ್ಟಾಯಿತು, ಎದುರಿನ ಪಾತ್ರಧಾರಿ ಎಂಥ ಜಾಣ ಎನ್ನುವುದರ ಮೇಲೆ ಅದು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ.

ಗೊಲ್ಲತಿ ಬರುವುದು ಹಾಲು ಮೊಸರು ಬೆಣ್ಣೆ ಮಾರಲು. ತಲೆಯ ಮೇಲೆ ಗಡಿಗೆ. ದಾರಿಗೆ ಅಡ್ಡ ನಿಂತವನು ಸುಂಕ ಕೇಳುತ್ತಾನೆ. ಇಷ್ಟೇ ಸನ್ನಿವೇಶ. ಯಾವ ಊರು, ಯಾರ ಮಗಳು, ಗಡಿಗೆಯಲ್ಲಿ ಏನು, ಅದು ಹುಳಿಯೋ ಸಿಹಿಯೋ, ರುಚಿ ನೋಡದೆ ಕೊಳ್ಳುವುದು ಹೇಗೆ ಎಂದು ಅವನ ಪ್ರಶ್ನೆಗಳು ಒಂದರ ಹಿಂದೆ ಒಂದು. ಅವಳು ಎಲ್ಲಕ್ಕೂ ಉತ್ತರ ಕೊಡುತ್ತಾಳೆ, ಯಾವುದಕ್ಕೂ ಸಿಗುವುದಿಲ್ಲ. ಮೊಸರಿನ ಮಾತು ಮೊಸರಿನ ಮಾತಾಗಿಯೇ ಇರುತ್ತದೆ, ಆದರೆ ಅಟ್ಟದ ಮುಂದೆ ಕೂತ ಮುದುಕಿಯರು ಸೆರಗು ಬಾಯಿಗೆ ಹಿಡಿದು ನಗತೊಡಗುತ್ತಾರೆ. ಬೈಗುಳ ಇಲ್ಲ, ಅಂಗಾಂಗದ ವರ್ಣನೆ ಇಲ್ಲ. ಅವಳು ಗಡಿಗೆಯನ್ನು ಇಳಿಸುತ್ತಾಳೋ ಇಲ್ಲವೋ ಎಂಬ ಒಂದೇ ಕುತೂಹಲದ ಮೇಲೆ ಬಲ್ಲ ಕಲಾವಿದರು ಈ ಸನ್ನಿವೇಶವನ್ನು ಎಷ್ಟು ಹೊತ್ತಾದರೂ ಎಳೆಯುತ್ತಾರೆ, ಜನ ಮಿಸುಕುವುದಿಲ್ಲ. ತಿನ್ನುವ ವಸ್ತುವೊಂದಕ್ಕೆ ಶೃಂಗಾರದ ಭಾರವನ್ನೆಲ್ಲ ಹೊರಿಸುವುದು ಹೇಗೆ ಎಂಬುದಕ್ಕೆ ಕನ್ನಡದಲ್ಲಿ ನಾನು ಬಲ್ಲ ದೊಡ್ಡ ಪಾಠ ಇದು. ಅವಳಿಗೆ ಬೇಡ ಅನ್ನುವ ಹಕ್ಕು ಕೊನೆಯ ತನಕ ಇರುತ್ತದೆ, ಬೆಲೆ ಹೇಳುವ ಹಕ್ಕೂ ಅವಳದೇ. ಬೇಕರಿ ಕತೆಗಳ ನಾಯಕಿಗೆ ಈ ಎರಡೂ ಇಲ್ಲ. ಮೊದಲ ಭೇಟಿಗೇ ಅವಳ ಕಾಲು ನಡುಗುತ್ತದೆ, ಮುಂದೆ ಬರೆಯಲು ಏನು ಉಳಿಯಿತು?

ಗೊಲ್ಲತಿಯ ಬೆನ್ನಿಗೇ ಭಾಮೆ. ನಾರದ ತಂದ ಒಂದು ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಆಟವೆಲ್ಲ ಅವಳ ಮುನಿಸು, ಅವನ ಓಲೈಕೆ, ನಡುವೆ ಓಡಾಡುವ ದೂತಿಯ ಚೇಷ್ಟೆ, ಕಣಿ ಹೇಳುವ ಕೊರವಂಜಿ. ಬಂದದ್ದು ಒಂದು ಹೂವು, ಹೋದದ್ದು ಒಂದು ರಾತ್ರಿ. ಇದನ್ನು ನೆನೆದಾಗಲೆಲ್ಲ ಮೆಕ್ಸಿಕೋದ ಲಾರಾ ಎಸ್ಕಿವೆಲ್ ಅವರ ಕಾದಂಬರಿ ನನ್ನ ಮನಸ್ಸಿಗೆ ಬರುತ್ತದೆ: 1989ರ ‘ಲೈಕ್ ವಾಟರ್ ಫಾರ್ ಚಾಕೊಲೇಟ್’. ಹನ್ನೆರಡು ತಿಂಗಳಿಗೆ ಹನ್ನೆರಡು ಅಧ್ಯಾಯ, ಅಧ್ಯಾಯಕ್ಕೊಂದು ಅಡಿಗೆ. ಟೀಟಾಳನ್ನು ಪ್ರೀತಿಸುವ ಪೇದ್ರೋ ಅವಳ ಅಕ್ಕನನ್ನು ಮದುವೆಯಾಗಿ ಅದೇ ಮನೆಯಲ್ಲಿದ್ದಾನೆ. ಅವನು ತಂದುಕೊಟ್ಟ ಗುಲಾಬಿಗಳನ್ನು ಎಸೆಯಲು ಮನಸ್ಸಾಗದೆ ಟೀಟಾ ಆ ಎಸಳುಗಳಿಂದ ಲಾವಕ್ಕಿಯ ಸಾರು ಮಾಡುತ್ತಾಳೆ. ಉಂಡ ಇನ್ನೊಬ್ಬ ಅಕ್ಕ ಗೆರ್ತ್ರೂದಿಸಳ ಮೈ ಎಷ್ಟು ಕಾಯುತ್ತದೆಂದರೆ ಅವಳು ಮೀಯಲು ಹೋದ ಬಚ್ಚಲಿನ ಹಲಗೆಗಳಿಗೇ ಬೆಂಕಿ ಹತ್ತುತ್ತದೆ. ಅವಳು ಬತ್ತಲೆ ಓಡಿ, ಕುದುರೆ ಏರಿ ಬಂದ ಕ್ರಾಂತಿಯ ಸಿಪಾಯಿಯೊಬ್ಬನ ಜೊತೆ ಹೊರಟುಹೋಗುತ್ತಾಳೆ. ಅಲ್ಲೂ ಹೂವು ಒಬ್ಬಳಿಗೆ, ಉರಿ ಇನ್ನೊಬ್ಬಳಿಗೆ. ಕುಲಗೋಡದ ಅಟ್ಟದ ಮುಂದೆ ಕೂತಿದ್ದರೆ ಎಸ್ಕಿವೆಲ್ ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗುತ್ತಿರಲಿಲ್ಲ.

ಇಷ್ಟೆಲ್ಲ ನಮ್ಮ ಅಂಗಳದಲ್ಲೇ ಇರುವಾಗ ಕನ್ನಡದ ಪ್ರಣಯಕತೆ ಬೇಕರಿಯ ಬಾಗಿಲಿಗೆ ಯಾಕೆ ಹೋಗಿ ನಿಂತಿತು? ನಾನು ಎರಡು ಕಡೆ ಬೆರಳು ತೋರಿಸುತ್ತೇನೆ. ಒಂದು, ಸಭ್ಯತೆಯ ಕಾವಲುಗಾರರು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬಂದಾಗ ಅ.ನ.ಕೃ. ಅವರ ಮೇಲೆ ಅಶ್ಲೀಲದ ಆರೋಪ ಹೊರಿಸಿದರು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂದು ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು. ಕಾದಂಬರಿಕಾರನೊಬ್ಬ ತನ್ನ ಪರವಾಗಿ ವಕೀಲಿ ಮಾಡಬೇಕಾದ ಆ ಹೊತ್ತಿನಿಂದ ನಮ್ಮಲ್ಲಿ ಕಾಮದ ಬರಹ ಒಂದೋ ಸುಧಾರಣೆಯ ನೆಪ ಹೇಳಬೇಕು, ಇಲ್ಲವೆ ಕದ್ದು ಅಚ್ಚಾಗಬೇಕು ಎಂಬಂತಾಯಿತು. ಗೊಲ್ಲತಿಯ ನಗು ಎರಡಕ್ಕೂ ಹೊಂದುವುದಿಲ್ಲ.

ಎರಡನೆಯದು ನವ್ಯ. ಇದು ನನ್ನ ಹಳೆಯ ಜಗಳ, ಇವತ್ತು ಬಿಟ್ಟುಕೊಡಲಾರೆ. ಅನಂತಮೂರ್ತಿಯವರ 1965ರ ‘ಸಂಸ್ಕಾರ’ದಲ್ಲಿ ಕಾಡಿನ ಕತ್ತಲಲ್ಲಿ ಹಸಿದ ಪ್ರಾಣೇಶಾಚಾರ್ಯರಿಗೆ ಚಂದ್ರಿ ಬಾಳೆಹಣ್ಣು ಕೊಡುವ ಜಾಗ ಕನ್ನಡ ಗದ್ಯದ ಅಪ್ಪಟ ಶೃಂಗಾರದ ಜಾಗ. ಹಸಿವು, ಹಣ್ಣು, ಹೆಣ್ಣು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಅವರು ಎಂಥ ಕಸುಬುದಾರರು ಎಂಬುದಕ್ಕೆ ಆ ಪುಟವೇ ಸಾಕು. ಆದರೆ ಅದರ ಮುಂದಿನದೆಲ್ಲ ಆಚಾರ್ಯರ ತಳಮಳ. ಚಂದ್ರಿಗೆ ಆ ಹಣ್ಣು ಹೇಗೆ ರುಚಿಸಿತು ಎಂದು ತಿಳಿಯುವ ಆಸೆ ನನ್ನದು, ಕಾದಂಬರಿಯದಲ್ಲ. ಅಲ್ಲಿಂದಾಚೆ ಒಂದು ತಲೆಮಾರಿನ ಕತೆಗಾರರು ಆ ಹಣ್ಣನ್ನು ಬಿಟ್ಟು ತಳಮಳವನ್ನಷ್ಟೇ ಕಲಿತರು. ಸುಖಪಟ್ಟವರು ಪಶ್ಚಾತ್ತಾಪ ಪಡಲೇಬೇಕೆಂಬ ಕಟ್ಟಳೆ ಯಾರು ಮಾಡಿದರು?

ಗೋಕಾಕದ ಮಣ್ಣಿಗೆ ಆ ಕಟ್ಟಳೆ ಗೊತ್ತಿರಲಿಲ್ಲ. ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ಆನಂದಕಂದ ಎಂಬ ಹೆಸರಿನಲ್ಲಿ ‘ನಲ್ವಾಡುಗಳು’ ಬರೆದರು. ಹಳ್ಳಿಯ ಗಂಡು ಹೆಣ್ಣು ತಮ್ಮ ಆಡುಮಾತಿನಲ್ಲೇ ಒಬ್ಬರನ್ನೊಬ್ಬರು ಬಯಸುವ, ಕೆಣಕುವ, ಕಾಯುವ ಹಾಡುಗಳು ಅವು. ಅಲ್ಲಿ ನಾಚಿಕೆಯಿದೆ, ಅಪರಾಧವಿಲ್ಲ. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಮೋಹದ ಬಗ್ಗೆ ಬರೆದಾಗ ಅದರ ಹಿಂದೆ ಸದಾ ಒಂದು ಸಿಟ್ಟು ಇರುತ್ತಿತ್ತು. ಆ ಸಿಟ್ಟಿಗೆ ನನ್ನ ನಮಸ್ಕಾರ, ಆದರೆ ಸಿಹಿಗೆ ಅವರ ಬಳಿ ಪುರುಸೊತ್ತಿರಲಿಲ್ಲ. ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳಿಂದ ‘ಕರುಣೆಯೇ ಕುಟುಂಬದ ಕಣ್ಣು’, ‘ಕುಲವಧು’ ಸಿನಿಮಾಗಳಾದವು. ಮನೆತನದ ಮಾನ, ಸೊಸೆಯ ಕಣ್ಣೀರು ಅವರಷ್ಟು ಬಲ್ಲವರಿಲ್ಲ. ಪಡಸಾಲೆಯಿಂದ ಅಡಿಗೆಮನೆಯ ತನಕ ಅವರ ಕೈಹಿಡಿದು ನಡೆದ ಓದುಗ ಕೋಣೆಯ ಬಾಗಿಲಲ್ಲಿ ನಿಂತುಬಿಡುತ್ತಾನೆ. ಆ ಬಾಗಿಲನ್ನು ಪುರಾಣಿಕರದೇ ಮನೆಮಾತಿನಲ್ಲಿ, ಆನಂದಕಂದರ ಎದೆಗಾರಿಕೆಯಿಂದ ತೆರೆಯುವ ಕತೆಗಾರ್ತಿಗಾಗಿ ನಾನು ಕಾಯುತ್ತಿದ್ದೇನೆ. ಕತೆಗಾರ್ತಿ ಎಂದು ಬೇಕೆಂದೇ ಬರೆದೆ.

ಅವಳಿಗೆ ಹುಕ್ಕೇರಿ ಕಡೆಯ ಒಂದು ಜಾಗ ತೋರಿಸುತ್ತೇನೆ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಇದೆ, ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅದನ್ನು ಬಿಟ್ಟು ಹೊಲದ ನಡುವಿನ ಬೆಲ್ಲದ ಗಾಣಕ್ಕೆ ಹೋಗಲಿ. ಚಳಿಗಾಲದ ರಾತ್ರಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ (ಕಬ್ಬಿನ ರಸಕ್ಕೆ ಇಲ್ಲಿ ಹಾಲು ಅನ್ನುವುದೇ ರೂಢಿ). ಬೆಂಡಿ ಗಿಡದ ಲೋಳೆ ಬಿಟ್ಟಾಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಬಳಿದು ತೆಗೆಯುತ್ತಾರೆ. ಆವಿ ಎಷ್ಟು ದಟ್ಟವೆಂದರೆ ಎದುರು ನಿಂತವರ ಮುಖ ಕಾಣುವುದಿಲ್ಲ. ಪಾಕ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಪರೀಕ್ಷಿಸುತ್ತಾನೆ. ಅವನಿಗೆ ಬುತ್ತಿ ತಂದವಳು ಆವಿಯ ಆ ಬದಿಗೆ ನಿಂತಿದ್ದಾಳೆ. ಪಾಕ ಏರಿದರೆ ಬೆಲ್ಲ ಕಪ್ಪು, ಮಾಲಕನ ಬೈಗುಳ. ಅವನು ಕಣ್ಣು ಕೀಳುವಂತಿಲ್ಲ. ಅವಳಿಗೆ ಅದು ಗೊತ್ತು, ಅದಕ್ಕೇ ಅವಳು ಈ ಹೊತ್ತನ್ನೇ ಆರಿಸಿಕೊಂಡು ಬಂದಿದ್ದಾಳೆ.

ಗೋಕಾಕದ ಕರದಂಟಿಗೊಂದು, ಮೂಡಲಗಿಯ ಗೊಲ್ಲತಿಯ ಬೆಣ್ಣೆಗೊಂದು, ಹುಕ್ಕೇರಿಯ ಬಿಸಿ ಬೆಲ್ಲಕ್ಕೊಂದು. ಮೂರು ಕತೆಯಾದರೆ ಮಾಲೆ ಶುರುವಾದಂತೆ. ಸಂಕ್ರಾಂತಿಯ ಕುಸರೆಳ್ಳು, ಜಾತ್ರೆಯ ಬೆಂಡು ಬೆತ್ತಾಸು, ಮದುವೆ ಮನೆಯ ಬುಂದೆ, ಬೆಳಗಾವಿಯ ಕುಂದಾ ಇನ್ನೂ ಉಳಿದೇ ಇವೆ. ಬರೆದವರು ಪತ್ರಿಕೆಯ ವಿಳಾಸಕ್ಕೆ ಕಳಿಸಲಿ. ಮೂರೇ ಕರಾರು: ತಿನಿಸು ನಿಮ್ಮ ಊರಿನದಾಗಿರಬೇಕು, ಅದನ್ನು ತೆಗೆದರೆ ಕತೆ ಬೀಳಬೇಕು, ಮತ್ತು ಕತೆಯ ಹೆಣ್ಣು ಬೆಲೆ ಹೇಳುವಷ್ಟು ಗಟ್ಟಿ ಇರಬೇಕು. ಬಿಸಿ ಹೆಚ್ಚಾಯಿತೆಂದು ನಾನು ಯಾವ ಕತೆಯನ್ನೂ ಹಿಂದಕ್ಕೆ ಕಳಿಸುವುದಿಲ್ಲ.