ತಿಳಿಯುವ ಭಾಷೆ, ಓದಬಲ್ಲ ಲಿಪಿ

ಬಂಧನದ ಕಾರಣ ತಿಳಿಸಬೇಕೆನ್ನುವ ಸಂವಿಧಾನದ 22ನೆಯ ವಿಧಿಯಲ್ಲಿ ಭಾಷೆಯ ಪ್ರಸ್ತಾಪವಿಲ್ಲ. ಆ ಮೌನವನ್ನು ಅರ್ಥೈಸಿದ ಮುಖ್ಯ ಪಠ್ಯ 1962ರ ಹರಿಕಿಶನ್ ಪ್ರಕರಣದ ತೀರ್ಪು. ನಾಗಪುರದಲ್ಲಿ ಮುಂಜಾಗ್ರತಾ ಬಂಧನಕ್ಕೊಳಗಾದ, ಇಂಗ್ಲಿಷ್ ಅರಿಯದ ವ್ಯಕ್ತಿ ಕಾರಣಗಳನ್ನು ಹಿಂದಿಯಲ್ಲಿ ಕೇಳಿದರು. ಇಂಗ್ಲಿಷೇ ಆಡಳಿತ ಭಾಷೆ, ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ಅನುವಾದಿಸಿದ್ದಾರೆ ಎಂಬುದು ಸರ್ಕಾರದ ವಾದ. ಸರ್ವೋಚ್ಚ ನ್ಯಾಯಾಲಯ ಅದನ್ನೊಪ್ಪದೆ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಅಕ್ಷರಸ್ಥನಾದರೆ ಅವನು ಓದಬಲ್ಲ ಲಿಪಿಯಲ್ಲಿ ಕಾರಣಗಳು ತಲುಪಬೇಕೆಂದಿತು.

ತೀರ್ಪಿನ ಸತ್ವವಿರುವುದು ‘ಲಿಪಿ’ ಎಂಬ ಪದದಲ್ಲಿ. ಅಕ್ಕಲಕೋಟೆಯ ಸಂತೆಯಲ್ಲಿ ಮರಾಠಿಯಾಡುವ ಕನ್ನಡಿಗನು ಮರಾಠಿಯ ಕಾನೂನು ಬರಹವನ್ನೂ ಓದಬಲ್ಲನೆಂದು ಭಾವಿಸಲಾಗದು. ಕಾಸರಗೋಡಿನಲ್ಲಿ ಮಲಯಾಳದ ಸಂಗತಿಯೂ ಅಷ್ಟೇ. ಮಾತಿನ ದ್ವಿಭಾಷಿಕತೆ ಬರಹದ ದ್ವಿಭಾಷಿಕತೆಯಲ್ಲ.

2025ರ ಮಿಹಿರ್ ರಾಜೇಶ್ ಶಾ ತೀರ್ಪು, ತಿಳಿಯುವ ಭಾಷೆಯ ಲಿಖಿತ ಕಾರಣಗಳನ್ನು ಎಲ್ಲ ಅಪರಾಧಗಳ ಬಂಧನಕ್ಕೂ ಕಡ್ಡಾಯಗೊಳಿಸಿತು. ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮುನ್ನವಾದರೂ ಅವು ಕೈಸೇರಬೇಕು. ಆದರೆ ‘ತಿಳಿಯುವ ಭಾಷೆ’ ಯಾವುದೆಂದು ಠಾಣೆಯಲ್ಲಿ ಮೊದಲು ನಿರ್ಧರಿಸುವವನು ಬಂಧಿಸಿದ ಅಧಿಕಾರಿಯೇ. ಯಾವ ಲಿಪಿ ಓದಬಲ್ಲೆಯೆಂದು ಬಂಧಿತನನ್ನೇ ಕೇಳಿ ದಾಖಲಿಸದಿದ್ದರೆ, ಗಡಿಯ ಕನ್ನಡಿಗನ ಪಾಲಿಗೆ ಈ ಹಕ್ಕು ಓದಲಾಗದ ಕಾಗದವಾಗಿಯೇ ಉಳಿಯುತ್ತದೆ.