ವೈಪರ್: ಕೈಪಿಡಿ ಹೇಳದೆ ಬಿಟ್ಟ ಭೌತವಿಜ್ಞಾನ

ಮಳೆಗಾಲದಲ್ಲಿ ಜೀಪಿನ ಮುಂದಿನ ಆಸನದಲ್ಲಿ ಕುಳಿತು ಪ್ರಯಾಣ ಮಾಡಿದ್ದೀರಾ? ಹಾಗಿದ್ದರೆ ಗಾಜಿನ ಮೇಲೆ ಅತ್ತಿತ್ತ ಆಡುವ ವೈಪರನ್ನು ಗಮನಿಸಿಯೇ ಇರುತ್ತೀರಿ. ಅದರ ಕೆಲಸವೇನೆಂದು ಕೇಳಿದರೆ 'ನೀರು ಒರೆಸುವುದು' ಎನ್ನುವಿರಿ. ಈ ಉತ್ತರ ಅರ್ಧ ಮಾತ್ರ ಸರಿ. ವಾಹನದೊಡನೆ ಬರುವ ಕೈಪಿಡಿಯೂ ಇದೇ ಅರ್ಧ ಉತ್ತರದಲ್ಲಿ ನಿಂತುಬಿಡುತ್ತದೆ ಎಂಬುದು ನನ್ನ ಆಕ್ಷೇಪ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ, ವಿದ್ಯಾರ್ಥಿಗಳೊಂದಿಗೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಎದುರಿನಿಂದ ಬಂದ ಬಸ್ಸಿನ ದೀಪ ಗಾಜಿನ ಮೇಲೆ ಬಿದ್ದೊಡನೆ ಬೆಳಕಿನ ಪರದೆಯ ಹೊರತು ಬೇರೇನೂ ಕಾಣಲಿಲ್ಲ. ಚಾಲಕರು ಜೀಪನ್ನು ನಿಲ್ಲಿಸಿಯೇ ಬಿಟ್ಟರು. "ಹೊಸ ಬ್ಲೇಡು ಹಾಕಿಸಿ ಎರಡು ತಿಂಗಳೂ ಆಗಿಲ್ಲ ಸಾರ್" ಎಂದರು. ಅದು ನಿಜವೇ ಆಗಿತ್ತು. ಊರು ಸೇರಿದ ಮೇಲೆ ಕೈಪಿಡಿಯ ವೈಪರ್ ಪುಟವನ್ನು ತೆರೆದೆ.

ಮೊದಲು ಆ ಪುಟದ ಗುಣಗಳನ್ನು ಹೇಳಬೇಕು. ಚಿತ್ರಗಳು ಸ್ಪಷ್ಟವಾಗಿವೆ. ತೋಳನ್ನು ಎತ್ತಿ ನಿಲ್ಲಿಸಿ, ಕೊಕ್ಕೆಯ ಬಳಿಯ ಲಾಕನ್ನು ಒತ್ತಿ, ಹಳೆಯ ಬ್ಲೇಡನ್ನು ಜಾರಿಸಿ ತೆಗೆದು, ಅದೇ ಉದ್ದದ ಹೊಸದನ್ನು 'ಟಕ್' ಎನ್ನುವವರೆಗೆ ಸೇರಿಸುವ ಕ್ರಮ ಸರಿಯಾಗಿದೆ. ಬರಿಯ ತೋಳು ಸ್ಪ್ರಿಂಗಿನ ಬಲದಿಂದ ಗಾಜಿಗೆ ಬಡಿದೀತೆಂಬ ಎಚ್ಚರಿಕೆಯೂ ಇದೆ. ಗಾಜಿನ ಮೇಲೆ ಮಡಿಸಿದ ಬಟ್ಟೆ ಹಾಸಿಟ್ಟುಕೊಳ್ಳಿ ಎಂದು ನಾನು ಸೇರಿಸುವೆ.

ಉಳಿದುದೆಲ್ಲ ಬರಿಯ ಅಪ್ಪಣೆಗಳು: ಒಣಗಿದ ಗಾಜಿನ ಮೇಲೆ ಓಡಿಸಬೇಡಿ, ಎಣ್ಣೆ ತಾಗಿಸಬೇಡಿ, ವರ್ಷಕ್ಕೊಮ್ಮೆ ಬದಲಿಸಿ. ಏಕೆ ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. ಕಾರಣ ತಿಳಿಯದವರು ಇವನ್ನು ಎಷ್ಟು ದಿನ ಪಾಲಿಸಿಯಾರು? ಆ ಕಾರಣಗಳನ್ನು ನಾವೇ ನೋಡೋಣ.

ವೈಪರ್ ನೀರನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಉಳಿದ ನೀರನ್ನು ಅತಿ ತೆಳುವಾದ, ಸಮನಾದ ಪದರವಾಗಿಸುತ್ತದೆ. ಸಮನಾದ ಪದರದ ಮೂಲಕ ನೋಟ ಕದಡುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33. ಆದ್ದರಿಂದ ಪದರ ಏರುಪೇರಾದರೆ ಪ್ರತಿಯೊಂದು ಉಬ್ಬೂ ಪುಟ್ಟ ಮಸೂರದಂತಾಗಿ ಎದುರು ದೀಪದ ಬೆಳಕನ್ನು ಚದುರಿಸುತ್ತದೆ. ಘಾಟಿಯಲ್ಲಿ ನಾವು ಕಂಡ ಪರದೆ ಇದೇ.

ಒಣ ಗಾಜಿನ ಮೇಲೆ ಏಕೆ ಓಡಿಸಬಾರದು? ರಬ್ಬರು ಗಾಜನ್ನು ಗೀಚಲಾರದು. ಆದರೆ ರಸ್ತೆಯ ಧೂಳಿನಲ್ಲಿರುವ ಕ್ವಾರ್ಟ್ಸ್ ಕಣಗಳ ಕಾಠಿಣ್ಯ ಮೋಸ್ ಮಾನದಲ್ಲಿ 7. ಗಾಜಿನದು ಸುಮಾರು 5.5. ಒಣ ಗಾಜಿನ ಮೇಲೆ ರಬ್ಬರಿನ ಘರ್ಷಣಾ ಗುಣಾಂಕ 1ನ್ನೂ ಮೀರಬಹುದು. ನೀರಿದ್ದರೆ ಅದು ಬಹಳಷ್ಟು ಇಳಿಯುತ್ತದೆ. ಹಾಗಾಗಿ ಒಣ ಓಟದಲ್ಲಿ ಗಾಜಿಗೆ ಗೀರು, ರಬ್ಬರಿನ ಅಂಚಿಗೆ ಸವೆತ, ಎರಡೂ ಖಂಡಿತ.

ಎಣ್ಣೆಯ ಪಸೆಯಿದ್ದರೆ ನೀರು ಗಾಜಿನ ಮೇಲೆ ಹರಡದೆ ಹನಿಗಟ್ಟುತ್ತದೆ. ಡೀಸೆಲ್, ಸೀಮೆಎಣ್ಣೆ ತಾಗಿದ ನೈಸರ್ಗಿಕ ರಬ್ಬರು ಉಬ್ಬಿ ಬಲಗುಂದುತ್ತದೆ. ಗಾಜಿಗೂ ಅಂಚಿಗೂ ಸಾಬೂನು ನೀರು, ಶುದ್ಧ ಬಟ್ಟೆ ಸಾಕು.

ಇನ್ನು 'ವರ್ಷಕ್ಕೊಮ್ಮೆ'. ರಬ್ಬರು ಕೆಲಸ ಮಾಡದಿದ್ದರೂ ಓಜೋನ್ ಮತ್ತು ನೇರಳಾತೀತ ಕಿರಣಗಳಿಂದ ಗಡುಸಾಗಿ ಬಿರಿಯುತ್ತದೆ. ಬಿಸಿಲಲ್ಲಿ ನಿಲ್ಲುವ ಜೀಪಿಗೂ ಶೆಡ್ಡಿನಲ್ಲಿ ನಿಲ್ಲುವ ಜೀಪಿಗೂ ಒಂದೇ ಕ್ಯಾಲೆಂಡರ್ ಹೇಗೆ ಹೊಂದೀತು? ಗಾಜನ್ನೇ ಓದಿ. ಸಣ್ಣ ಗೆರೆಗಳು ಉಳಿದರೆ ಅಂಚಿನಲ್ಲಿ ಕಚ್ಚು ಬಿದ್ದಿದೆ ಅಥವಾ ಮರಳು ಕೂತಿದೆ. ಒಂದು ದಿಕ್ಕಿನಲ್ಲಿ ಮಾತ್ರ ಒರೆಸಿದರೆ ಅಂಚು ಒಂದೇ ಕಡೆಗೆ ಬಾಗಿ ಗಡುಸಾಗಿದೆ. ಹಿಂತಿರುಗುವಾಗ ಅದು ಮಗುಚಿಕೊಳ್ಳುತ್ತಿಲ್ಲ. ಅಗಲವಾದ ಪಟ್ಟೆ ಒದ್ದೆಯಾಗಿಯೇ ಉಳಿದರೆ ಅಲ್ಲಿ ಒತ್ತಡ ಸಾಲದು.

ಈ ಒತ್ತಡದ ಮಾತೇ ಕೈಪಿಡಿಯಲ್ಲಿಲ್ಲ. ಇದು ಅದರ ದೊಡ್ಡ ಲೋಪ. ತೋಳು ಬ್ಲೇಡನ್ನು ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಬ್ಲೇಡಿನ ಚೌಕಟ್ಟಿನಲ್ಲಿರುವ ಸನ್ನೆಗಳು ಆ ಬಲವನ್ನು ಎರಡಾಗಿ, ನಾಲ್ಕಾಗಿ ಹಂಚಿ ಅಂಚಿನುದ್ದಕ್ಕೂ ತಲುಪಿಸುತ್ತವೆ. ಮೀಟರ್ ಉದ್ದಕ್ಕೆ ಸುಮಾರು 15 ನ್ಯೂಟನ್ ಬಲ ಸಾಮಾನ್ಯ. 40 ಸೆಂಟಿಮೀಟರ್ ಬ್ಲೇಡಿಗೆ 6 ನ್ಯೂಟನ್. ಶಾಲೆಯ ಸ್ಪ್ರಿಂಗ್ ತ್ರಾಸಿನ ಕೊಕ್ಕೆಯನ್ನು ಬ್ಲೇಡಿನ ನಡುವೆ ಸಿಕ್ಕಿಸಿ, ಗಾಜಿಗೆ ಲಂಬವಾಗಿ ಎಳೆದು, ಅಂಚು ಗಾಜನ್ನು ಬಿಡುವ ಕ್ಷಣದ ಅಳತೆ ನೋಡಿ. ನಮ್ಮ ಜೀಪಿನ ಪಕ್ಕದ ತೋಳು 6 ನ್ಯೂಟನ್ ತೋರಿಸಿತು. ಚಾಲಕರ ಕಡೆಯದು 3! ಸ್ಪ್ರಿಂಗ್ ಸೋತಿತ್ತು, ಕೀಲು ತುಕ್ಕು ಹಿಡಿದಿತ್ತು. ತೋಳನ್ನು ಬದಲಿಸಿ, ಅದೇ ಬ್ಲೇಡನ್ನು ಹಾಕಿದೆವು. ಗಾಜು ತಿಳಿಯಾಯಿತು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ದಕ್ಷವಾದ ವೈಪರ್ ಇರಬೇಕೆನ್ನುತ್ತವೆ. ದಕ್ಷತೆಯನ್ನು ಪರೀಕ್ಷಿಸುವ ಬಗೆಯನ್ನು ಕೈಪಿಡಿ ತಿಳಿಸಬೇಕಲ್ಲವೆ? ಅದೂ ಚಾಲಕರು ಓದಬಲ್ಲ ಭಾಷೆಯಲ್ಲಿ. ನಮ್ಮ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮ ಚಾಲಕರು ಚಿತ್ರಗಳನ್ನಷ್ಟೇ ನೋಡಿದ್ದರು.

ಶಿಕ್ಷಕ ಮಿತ್ರರೇ, ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ಶಾಲೆಗೆ ಮಕ್ಕಳನ್ನು ಕರೆತರುವ ವಾಹನದ ಬಳಿಗೆ ಸ್ಪ್ರಿಂಗ್ ತ್ರಾಸು ಹಿಡಿದು ತರಗತಿಯನ್ನು ಕರೆದೊಯ್ಯಿರಿ. ಎರಡೂ ತೋಳುಗಳ ಅಳತೆಯನ್ನು ಮಕ್ಕಳೇ ಬರೆದುಕೊಳ್ಳಲಿ. ಒಂದು ಪ್ರತಿಯನ್ನು ಚಾಲಕರಿಗೂ ಕೊಡಿ.