ಸುವರ್ಣಕಣಗಳೂ ಕ್ಷ-ಕಿರಣವೂ: ಒಂದು ಪ್ರಬಂಧದ ವಿಮರ್ಶೆ

ಕ್ಷ-ಕಿರಣವು ಶರೀರವನ್ನು ಹಾದುಬಂದಾಗ ಅಸ್ಥಿಯು ಸ್ಪಷ್ಟವಾಗಿ ತೋರುವುದು; ರಕ್ತನಾಳವು ಸುತ್ತಣ ಮಾಂಸದೊಡನೆ ಬೆರೆತು ಮರೆಯಾಗುವುದು. ಈ ಅಭೇದವನ್ನು ನೀಗಲು ರಕ್ತಕ್ಕೆ ಸೇರಿಸುವ ದ್ರವ್ಯವನ್ನು ಭೇದವ್ಯಂಜಕವೆನ್ನಬಹುದು. ಸಿ.ಟಿ. ಚಿತ್ರಣದಲ್ಲಿ ಈ ಕಾರ್ಯವನ್ನು ಅಯೋಡಿನ್ ಸಂಯುಕ್ತಗಳು ನಿರ್ವಹಿಸುತ್ತಿವೆ. ಅವುಗಳಿಗೆ ಪ್ರತಿಯಾಗಿ ಚಿನ್ನದ ನ್ಯಾನೋಕಣಗಳನ್ನು ಮುಂದಿಟ್ಟ ಪ್ರಬಂಧಗಳಲ್ಲಿ, ಹೇನ್‌ಫೆಲ್ಡ್, ಸ್ಲಾಟ್ಕಿನ್, ಫೋಸೆಲ್ಲಾ, ಸ್ಮಿಲೋವಿಟ್ಸ್ ಎಂಬ ನಾಲ್ವರು 2006ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿ’ಯಲ್ಲಿ ಪ್ರಕಟಿಸಿದುದು ಪ್ರಸಿದ್ಧವಾಗಿದೆ. ಅದರ ಶೀರ್ಷಿಕೆಯೇ ಇದನ್ನು ‘ಹೊಸ’ ದ್ರವ್ಯವೆಂದು ಸಾರುತ್ತದೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. 1.9 ನ್ಯಾನೋಮೀಟರು ವ್ಯಾಸದ ಕಣಗಳನ್ನು ಇಲಿಗಳ ಸಿರೆಗೆ ಸೇರಿಸಿದಾಗ, 100 ಮೈಕ್ರೋಮೀಟರಿಗಿಂತ ಕಿರಿದಾದ ನಾಳಗಳೂ ಗೋಚರಿಸಿದುವು. ಯಕೃತ್ತು ಪ್ಲೀಹಗಳಲ್ಲಿ ಉಳಿದ ಚಿನ್ನ ಸ್ವಲ್ಪ. ಹೆಚ್ಚಿನದು ಮೂತ್ರಪಿಂಡದ ಮೂಲಕ ಹೊರಬಿದ್ದಿತು. ಅಯೋಡಿನ್ನಿಗಿಂತ ಇದು ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುವುದೂ ಚಿತ್ರಣಕ್ಕೆ ಅನುಕೂಲವೇ. ಇಷ್ಟು ಪ್ರತ್ಯಕ್ಷಸಿದ್ಧ.

ಆದರೆ ಅಯೋಡಿನ್ನಿಗಿಂತ ಚಿನ್ನವು ಮೇಲೆಂಬ ಪ್ರತಿಜ್ಞೆಗೆ ಕೊಟ್ಟ ಹೇತು ಪರೀಕ್ಷಾರ್ಹವಾಗಿದೆ. 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣವನ್ನು, ತೂಕಕ್ಕೆ ತೂಕ, ಚಿನ್ನವು ಅಯೋಡಿನ್ನಿನ ಸುಮಾರು 2.7ರಷ್ಟು ಹೀರುವುದು ನಿಜ. ಆದರೆ ಧಾತುಗಳ ಹೀರುವಿಕೆಯು ಒಂದೊಂದು ನಿಯತ ಶಕ್ತಿಯಲ್ಲಿ ಹಠಾತ್ತಾಗಿ ಏರುವುದು. ಆ ಮೆಟ್ಟಿಲು ಅಯೋಡಿನ್ನಿಗೆ 33.2ರಲ್ಲಿ, ಚಿನ್ನಕ್ಕೆ 80.7ರಲ್ಲಿ ಇದೆ. ಇವೆರಡರ ನಡುವಣ ಪ್ರದೇಶದಲ್ಲಿ ಅಯೋಡಿನ್ನೇ ಮೇಲು. ಸಿ.ಟಿ.ಯಲ್ಲಿ ಬಹಳವಾಗಿ ಬಳಸುವ 120 ಕಿಲೋವೋಲ್ಟಿನ ಕೊಳವೆಯಿಂದ ಹೊರಡುವ ಕಿರಣರಾಶಿಯ ಬಹುಭಾಗವು 80ಕ್ಕಿಂತ ಕೆಳಗಿರುತ್ತದೆ. ಆದುದರಿಂದ ಒಂದು ಬಿಂದುವಿನಲ್ಲಿ ಸತ್ಯವಾದ ಸಂಖ್ಯೆಯನ್ನು ಇಡೀ ರಾಶಿಗೆ ಹೇಳಲಾಗದು. ಮೇಲಾಗಿ ಇಲಿಗಳ ಚಿತ್ರವನ್ನು ತೆಗೆದುದು ಸ್ತನಪರೀಕ್ಷೆಯ ಕ್ಷ-ಕಿರಣ ಯಂತ್ರದಿಂದ. ಅದು ಇನ್ನೂ ಕೆಳಗಿನ ಶಕ್ತಿಯದು. ಹೀಗೆ ಹೇತುವು ಒಂದು ಶಕ್ತಿಯದು, ಉದಾಹರಣೆಯು ಇನ್ನೊಂದರದು.

ಕಣದ ಗಾತ್ರದಲ್ಲಿಯೂ ಅತಿವ್ಯಾಪ್ತಿಯ ಭಯವುಂಟು. ಅತಿ ಕಿರಿಯ ಕಣವು ಮೂತ್ರಪಿಂಡದಿಂದ ಸೋಸಿಹೋಗುವುದು. ದೊಡ್ಡದು ಯಕೃತ್ತು ಪ್ಲೀಹಗಳಲ್ಲಿ ನೆಲಸುವುದು. 1.9 ನ್ಯಾನೋಮೀಟರಿನ ಗುಣವು ‘ಸುವರ್ಣಕಣ’ವೆಂಬ ಜಾತಿಗೆಲ್ಲ ಸಲ್ಲದು.

ಇನ್ನು ‘ಹೊಸ’ ಎಂಬ ವಿಶೇಷಣ. ಸುವರ್ಣವು ಹೊಸದಾಗಿರಬಹುದು, ರಕ್ತದಲ್ಲಿ ಅತಿಸೂಕ್ಷ್ಮ ಕಣಗಳನ್ನು ತೇಲಿಬಿಡುವ ಉಪಾಯವು ಹೊಸದಲ್ಲ. 1930ರ ದಶಕದಿಂದ 1950ರ ದಶಕದವರೆಗೆ ಬಳಕೆಯಲ್ಲಿದ್ದ ಥೋರೋಟ್ರಾಸ್ಟ್ ಥೋರಿಯಂ ಡೈಆಕ್ಸೈಡಿನ ಕಣಗಳ ದ್ರವ. ಅದರ ಚಿತ್ರಗಳು ಬಹು ಸ್ಫುಟ. ತತ್ಕಾಲದ ಬಾಧೆ ಅಲ್ಪ. ಕಣಗಳು ಯಕೃತ್ತಿನಲ್ಲಿ ನಿಂತು, ದಶಕಗಳ ತರುವಾಯ ಕ್ಯಾನ್ಸರನ್ನು ಹುಟ್ಟಿಸಿದುವು. ಥೋರಿಯಂ ವಿಕಿರಣಶೀಲ, ಚಿನ್ನ ಹಾಗಲ್ಲ. ಆದುದರಿಂದ ಅದೇ ದೋಷವನ್ನು ಇದಕ್ಕೆ ಹೊರಿಸುವುದು ಅನ್ಯಾಯ. ಆದರೂ, ದೇಹದಲ್ಲಿ ನಿಲ್ಲಬಹುದಾದ ವಸ್ತುವಿಗೆ ಇಲಿಯಲ್ಲಿನ 11 ಮತ್ತು 30 ದಿನಗಳ ನಿರಪಾಯ ಸಾಕ್ಷ್ಯವು ಸಾಲದೆಂಬ ಪಾಠವು ಅದರಲ್ಲಿದೆ.

ಪ್ರಮಾಣವನ್ನೂ ಎಣಿಸಬೇಕು. ಇಲಿಯ ರಕ್ತದಲ್ಲಿ ಆರಂಭಕ್ಕೆ ಮಿಲಿಲೀಟರಿಗೆ 10 ಮಿಲಿಗ್ರಾಂ ಚಿನ್ನವಿತ್ತು. 5 ಲೀಟರು ರಕ್ತವುಳ್ಳ ಮನುಷ್ಯನಿಗೆ ಅದೇ ಸಾಂದ್ರತೆ ಬರಲು 50 ಗ್ರಾಂ ಬೇಕು. ಇದು ಧನಿಕನ ಚಿಕಿತ್ಸೆಯಾದೀತು, ಆಸ್ಪತ್ರೆಯ ನಿತ್ಯವಿಧಿಯಾಗದು.

ಪ್ರಬಂಧವು ಸಾಧಿಸಿದುದು ಚಿನ್ನದಿಂದ ಇಲಿಯ ನಾಳಗಳನ್ನು ಚೆನ್ನಾಗಿ ಕಾಣಬಹುದೆಂಬುದನ್ನು. ಅಯೋಡಿನ್ನಿನ ಸ್ಥಾನಕ್ಕೆ ಚಿನ್ನವು ಅರ್ಹವೆಂಬುದನ್ನಲ್ಲ. ಮೊದಲನೆಯದು ದೊಡ್ಡ ಸಾಧನೆಯೇ. ಎರಡನೆಯದನ್ನು ಅದರ ಹೆಸರಿನಲ್ಲಿ ಹೇಳುವವರು ಒರೆಗಲ್ಲಿಗೆ ಉಜ್ಜದೆಯೇ ಚಿನ್ನಕ್ಕೆ ಬೆಲೆ ಕಟ್ಟಿದಂತಾಗುವುದು.